ಏಳನೆಯ ಬೆಳಕಿಂಡಿ

ಸಾರಿಚುಕುರ್
12 ಅಕ್ಟೋಬರ್ 1996

ಕಂಬೆರ್,

ಒಬ್ಬನನ್ನು ಕೂಟದಿಂದ ಬಿದ್ದವನೆಂದು ಸಾರಿದ ಮೇಲೆ ಅವನೊಂದಿಗೆ ಮಾತಾಡಬಾರದು, ಅವನ ಸಲಾಮಿಗೆ ಉತ್ತರ ಕೊಡಬಾರದು, ಅವನ ಒಲೆಯಿಂದ ಕೆಂಡ ತರಬಾರದು, ಅವನ ತಟ್ಟೆಗೆ ಕೈ ಹಾಕಬಾರದು. ನಮ್ಮ ಮರ ಕಡಿಯುವ ಜನದ ಕಟ್ಟಳೆ ಇಷ್ಟು. ಪತ್ರ ಬರೆಯಬಾರದು ಎಂದು ಎಲ್ಲೂ ಇಲ್ಲ. ಕಟ್ಟಳೆ ಮಾಡಿದ ಹಿರಿಯರಿಗೆ ಓದುಬರಹ ಬರುತ್ತಿರಲಿಲ್ಲ. ನಾನು ಪಟ್ಟಣದ ಹೈಸ್ಕೂಲು ಮುಗಿಸಿದವಳು. ಆದ್ದರಿಂದ ಬರೆಯುತ್ತಿದ್ದೇನೆ.

ನಿನಗೆ ಯಾರಾದರೂ ಹೇಳಿಯೇ ಇರುತ್ತಾರೆ, ಆದರೂ ನನ್ನ ಬಾಯಿಂದಲೇ ಕೇಳು. ಪ್ರಾರ್ಥನೆಯ ಕೂಟದ ರಾತ್ರಿ ದೆದೆ ಕುರಿತುಪ್ಪಳದ ಮೇಲೆ ಕುಳಿತು, ಗುರುವಾದವನು ಕೇಳಬೇಕಾದದ್ದನ್ನು ಕೇಳಿದ. "ಈ ಮನೆಯಲ್ಲಿ ಕೂತೋರಲ್ಲಿ ಯಾರ ಕೈಗಾದ್ರೂ ರಕ್ತ ಅಂಟಿದೆಯಾ? ಯಾರ ಮನೆಯೋರಿಗಾದ್ರೂ ಅಂಟಿದೆಯಾ?" ಎಲ್ಲರೂ ಚಾಪೆ ನೋಡುತ್ತಾ ಕುಳಿತರು. ನನ್ನ ಮೇಲಿನ ಮರ್ಯಾದೆಗೆ ಯಾರೂ ಬಾಯಿ ಬಿಡಲಿಲ್ಲ. ಆ ಮರ್ಯಾದೆ ನನಗೆ ಬೇಡವಾಗಿತ್ತು. ಎದ್ದು ನಿಂತು ನನ್ನ ಮಗನ ಹೆಸರು, ನಿನ್ನ ಹೆಸರು, ಹೇಳಿದೆ. ನಿನ್ನ ತಮ್ಮ ಜಾಫರ್ ನನ್ನ ಲಂಗದ ಅಂಚು ಹಿಡಿದು ಜಗ್ಗಿದ. ನಾನು ಅವನ ಕೈಯನ್ನು ಕಾಲಿಂದ ಒದ್ದು ಬಿಡಿಸಿಕೊಂಡೆ. ದೆದೆ ನಿನ್ನನ್ನು ಬಿದ್ದವನೆಂದು ಸಾರಿದ.

ನಿನ್ನ ಕೊಡಲಿ ಪೆಟ್ಟಿನ ಉತ್ತರ ಬರತೊಡಗಿದೆ. ಶುಕ್ರವಾರ ಬೆಳಗ್ಗೆ ಲಾಯಕ್ಕೆ ಹೋದರೆ ನಮ್ಮ ಹೇಸರಗತ್ತೆ ತನ್ನ ರಕ್ತದಲ್ಲೇ ಮಂಡಿಯೂರಿ ಸತ್ತಿತ್ತು. ಈ ಕಿವಿಯಿಂದ ಆ ಕಿವಿಯವರೆಗೆ ಕುತ್ತಿಗೆ ಸೀಳಿದ್ದರು. ಬಾಯೊಳಗೆ ದೇವದಾರಿನ ರೆಂಬೆ ತುರುಕಿದ್ದರು. ಯಾರ ಕೆಲಸವೆಂದು ಕೇಳಬೇಕಾಗಿಲ್ಲ. ನೀನು ಕೊಂದ ಆಡುಗಾಹಿ ದುರಾಲಿಗೆ ಮೆವ್ಲುತ್ ಎಂಬ ತಮ್ಮನಿದ್ದಾನೆ. ನಿನಗೂ ಒಬ್ಬ ತಮ್ಮನಿದ್ದಾನೆ. ಲೆಕ್ಕ ಹಾಗೆ ನಿಂತಿದೆ.

ಒಂದು ಪ್ರಶ್ನೆ. ದುರಾಲಿಯ ಆಡುಗಳು ಬೇಲಿ ಮುರಿದು ಕಾಡಿನಲ್ಲಿ ನಾವು ಮರ ಕಡಿದು ತೆರೆದ ಏಳನೆಯ ಬೆಳಕಿಂಡಿಗೆ ನುಗ್ಗಿದವು, ನಮ್ಮ ದೇವದಾರಿನ ಸಸಿಗಳನ್ನೆಲ್ಲ ತಿಂದವು, ಕೇಳಲು ಹೋದಾಗ ಅವನು ಕೋಲೆತ್ತಿ ನಿನ್ನ ಮೇಲೆ ಬಂದ, ನೀನು ಹೊಡೆದೆ ಎಂದು ಹೇಳಿಕೆ ಕೊಟ್ಟಿದ್ದೀ. ಮರಣೋತ್ತರ ವರದಿಯನ್ನು ವಕೀಲರು ನನಗೆ ಓದಲು ಕೊಟ್ಟರು. ಪೆಟ್ಟು ಹೆಡಕಿಗೆ ಬಿದ್ದಿದೆ, ಹಿಂದಿನಿಂದ, ಮೇಲಿನಿಂದ ಕೆಳಕ್ಕೆ. ದುರಾಲಿ ನಿನಗಿಂತ ಒಂದು ತಲೆ ಎತ್ತರದ ಆಳು. ಕೋಲೆತ್ತಿ ಎದುರು ಬಂದವನ ಹೆಡಕು ನಿನ್ನ ಕೊಡಲಿಗೆ ಹೇಗೆ ಸಿಕ್ಕಿತು?

ಉಣ್ಣೆಯ ಕಾಲುಚೀಲ ಕಳಿಸಿದ್ದೇನೆ. ಬಿದ್ದವನ ಕಾಲಿಗೂ ಚಳಿಯಾಗುತ್ತದೆ.

ಸೆನೆಮ್

*

ಜೈಲು
3 ನವೆಂಬರ್ 1996

ಅವ್ವಾ,

ಕಾಲುಚೀಲ ಬಂತು. ಒಂದು ಜೊತೆಯನ್ನು ಮೊದಲ ರಾತ್ರಿಯೇ ಕಿತ್ತುಕೊಂಡರು. ಕೊಡೋಲ್ಲ ಅಂದೆ. ನಾಲ್ಕು ಜನ ಹಿಡಿದು ನನ್ನ ಮುಖವನ್ನು ತೊಟ್ಟಿಯ ಅಂಚಿಗೆ ಕುಟ್ಟಿದರು. ಮುಂದಿನ ಎರಡು ಹಲ್ಲು ಹೋಯಿತು. ಅವರಲ್ಲೊಬ್ಬನ ಕಿವಿ ನನ್ನ ಬಾಯಲ್ಲಿ ಅರ್ಧ ಉಳಿಯಿತು. ಈಗ ಯಾರೂ ಹತ್ತಿರ ಬರುವುದಿಲ್ಲ. ನಿನ್ನ ಮಗ ಬಗ್ಗಿ ನಡೆಯುವವನಲ್ಲ ಎಂದು ನಿನಗೆ ಗೊತ್ತಿರಲಿ ಎಂದು ಬರೆದೆ.

ಕೂಟದ ಎದುರು ಹೆತ್ತವಳೇ ಎದ್ದು ಮಗನ ಹೆಸರು ಹೇಳಿದ್ದು ಯಾವ ಊರಲ್ಲೂ ನಡೆದದ್ದಲ್ಲ. ಬೇರೆಯವರು ಹೇಳಲಿ ಎಂದು ಸುಮ್ಮನೆ ಕೂರುವುದಕ್ಕೆ ಆಗುತ್ತಿರಲಿಲ್ಲವೇ? ಯಾವಾಗಲೂ ನೀನೇ ಮೊದಲು. ಹೈಸ್ಕೂಲಿಗೆ ಹೋದವರಲ್ಲಿ ಮೊದಲು, ಇಲಾಖೆಯಿಂದ ಗುತ್ತಿಗೆ ಹಿಡಿದ ಹೆಂಗಸರಲ್ಲಿ ಮೊದಲು, ಮಗನನ್ನು ಹೊರಹಾಕಿದವರಲ್ಲೂ ಮೊದಲು.

ಆ ಬೆಳಕಿಂಡಿಗಳಿಗೆ ನಾನು ಎಷ್ಟು ದುಡಿದೆ ಎಂದು ನಿನಗೆ ಗೊತ್ತು. ಅಜ್ಜಂದಿರು ಕಡಿದು ಮುಗಿಸಿದ ದೇವದಾರಿನ ಜಾಗದಲ್ಲಿ ಸರ್ಕಾರ ಪೈನ್ ನೆಟ್ಟು, ಅದು ಹಗಲಲ್ಲೂ ಕತ್ತಲಾಗುವಷ್ಟು ಒತ್ತೊತ್ತಾಗಿ ಬೆಳೆದು, ಅಡಿಯಲ್ಲಿ ಒಂದು ಹುಲ್ಲೂ ಹುಟ್ಟದ ಕಾಡು ಅದು. ಅಲ್ಲಲ್ಲಿ ಮರ ಕಡಿದು ಚಾವಣಿಯಲ್ಲಿ ಕಿಂಡಿ ತೆರೆದರೆ ಆ ಬೆಳಕಿಗೆ ದೇವದಾರು ಮತ್ತೆ ಬರುತ್ತದೆ ಎಂದು ಅರಣ್ಯ ಇಲಾಖೆಯ ನೆರ್ಮಿನ್ ಹಾನಿಮ್ ಹೇಳಿದಾಗ ಊರೆಲ್ಲ ನಕ್ಕಿತು. ನಾನು ನಗಲಿಲ್ಲ. ಒಂಬತ್ತು ಕಿಂಡಿ ತೆರೆದವನು ನಾನು. ಹಿಮದ ಮೇಲೆ ಬೀಜ ಎರಚಿದವನು ನಾನು. ಏಳನೆಯದರ ಬೇಲಿ ಮುರಿದದ್ದನ್ನು, ಒಳಗೆ ಆಡು ಮೇಯುವುದನ್ನು, ಸಸಿಗಳೆಲ್ಲ ಸತ್ತದ್ದನ್ನು ಕಣ್ಣಾರೆ ಕಂಡೆ. ಕೇಳಿದರೆ ಅವನು ಏನಂದ ಗೊತ್ತೇ? "ಸತ್ತಿದ್ದನ್ನ ತಿಂದ್ರೆ ನಿನಗೇನು ನಷ್ಟವೋ ಹಲಗೆ ಕೊಯ್ಯೋನೇ? ಆಡು ಬರೋ ಮುಂಚೇನೇ ಒಣಗಿದ್ವು." ಸುಳ್ಳ. ಆಡಿನ ಬಾಯಲ್ಲಿ ಇನ್ನೂ ಹಸಿರಿತ್ತು.

ವಕೀಲರು ಹೇಳುತ್ತಾರೆ, ಆಡು ಬಿಟ್ಟು ನಮ್ಮ ದುಡಿಮೆ ಹಾಳುಮಾಡಿ ಕೆರಳಿಸಿದ ಎಂದು ಸಾಬೀತಾದರೆ ಶಿಕ್ಷೆ ಅರ್ಧಕ್ಕೆ ಇಳಿಯುತ್ತದೆಯಂತೆ. ಹೆಡಕಿನ ಪ್ರಶ್ನೆ ಕೇಳಬೇಡ. ಕೊಡಲಿ ಎತ್ತಿದವನಿಗೆ ಎಲ್ಲಿ ಬಿತ್ತು ಎಂದು ನೆನಪಿರುವುದಿಲ್ಲ.

ಜಾಫರನಿಗೆ ಬಂದೂಕು ಎಣ್ಣೆ ಹಾಕಿ ಇಟ್ಟುಕೊಳ್ಳಲು ಹೇಳು.

ನಿನ್ನ ಮಗ
ಕಂಬೆರ್

*

ಪಟ್ಟಣದ ಆಸ್ಪತ್ರೆ
19 ಜನವರಿ 1997

ಕಂಬೆರ್,

ಜಾಫರ್ ಬದುಕಿದ್ದಾನೆ. ಮೊದಲು ಅದನ್ನು ಬರೆದೆ.

ಗುರುವಾರ ದಪ್ಪ ಹಿಮ ಬಿದ್ದಿತ್ತು. ನಾವಿಬ್ಬರೂ ಬೀಜದ ಚೀಲ ಹೊತ್ತು ಹೋದೆವು. ಏಳನೆಯ ಕಿಂಡಿಗೂ ಮತ್ತೆ ಬೀಜ ಎರಚಬೇಕೆಂದು ನಾನೇ ಹಟ ಹಿಡಿದಿದ್ದೆ. ಅವನು ಮುಂದೆ ಕೈಬೀಸಿ ಎರಚುತ್ತಿದ್ದ, ನಾನು ಹಿಂದೆ. ಗುಂಡಿನ ಸದ್ದು ನನಗೆ ಕೇಳಿಸಲಿಲ್ಲ, ಹಿಮ ಸದ್ದನ್ನು ತಿಂದಿತು. ಅವನು ಒಂದು ಕೈ ಬೀಸಿದವನು ಹಾಗೆಯೇ ಮಗುಚಿಕೊಂಡ. ಚೀಲದ ಬೀಜವೆಲ್ಲ ಒಂದೇ ಕಡೆ ಚೆಲ್ಲಿತು, ಅದರ ಮೇಲೆ ರಕ್ತ. ಎಡ ಹೆಗಲಿನ ಮೂಳೆ ಪುಡಿಯಾಗಿದೆ. ಆ ಕೈ ಇನ್ನು ಮೇಲಕ್ಕೆ ಏಳುವುದಿಲ್ಲವೆಂದು ವೈದ್ಯರು ಹೇಳಿದರು. ಬೀಜದ ಚೀಲಗಳ ಮೇಲೆ ಅವನನ್ನು ಮಲಗಿಸಿ ರಸ್ತೆಯವರೆಗೆ ಎಳೆದುಕೊಂಡು ಬಂದೆ.

ಈ ಆಸ್ಪತ್ರೆಯ ಓಣಿಯಲ್ಲೇ ದುರಾಲಿಯ ತಾಯಿ ಎಶೆಯನ್ನು ಕಂಡೆ. ಆಡು ಮೇಯಿಸಿಕೊಂಡು ಅಲೆಯುವ ಆ ಯೋರುಕರು ಚಳಿಗಾಲಕ್ಕೆ ಕಡಲ ಬಯಲಿಗೆ ಇಳಿದಿದ್ದಾರಲ್ಲ, ಸುದ್ದಿ ಕೇಳಿ ಬಸ್ಸು ಹತ್ತಿ ಬಂದಿದ್ದಳು. ಮಗ ಸತ್ತಾಗ ಜಡೆ ಕತ್ತರಿಸಿ ಅವನ ಜೊತೆ ಹೂತಿದ್ದಾಳೆ. ತಲೆವಸ್ತ್ರದ ಕೆಳಗೆ ಏನೂ ಇಲ್ಲದ ಕುತ್ತಿಗೆ ಕೋಳಿಯದರಂತೆ ಕಾಣುತ್ತಿತ್ತು.

"ಸತ್ತನಾ?" ಎಂದಳು.

"ಇಲ್ಲ. ನಿನ್ನ ಮಗನಿಗೆ ಗುರಿ ಸಾಲದು."

"ಅವನಪ್ಪನಿಗೂ ಸಾಲ್ತಿರಲಿಲ್ಲ" ಎಂದು ಅವಳು ಬೆಂಚಿನ ಆ ತುದಿಯಲ್ಲಿ ಕುಳಿತಳು. ಆಮೇಲೆ ಅವಳೇ ಹೇಳಿದಳು. "ನಾನು ಮೆವ್ಲುತ್‌ನ ತಡೀಬಲ್ಲೆ. ತಡೀತಾ ಇಲ್ಲ. ಯಾಕೆ ಗೊತ್ತಾ? ನನ್ನ ಮಗ ಸತ್ತ, ಸರಿ, ಗಂಡಸರು ಸಾಯ್ತಾರೆ. ಆದ್ರೆ ಬೆಟ್ಟದ ತುಂಬಾ ಅವನನ್ನ ಏನಂತಾರೆ? ಕಾಡು ತಿಂದ ಕಳ್ಳ, ಸುಳ್ಳ. ಅದನ್ನ ನಂಬಿ ಇಲಾಖೆಯೋರು ನಮ್ಮ ಹಳೇ ದಾರೀನೇ ಮುಚ್ಚಿದ್ರು. ಅವತ್ತು ಬೆಳಗ್ಗೆ ಅವನು ಗುಡಾರಕ್ಕೆ ಬಂದು 'ಅವ್ವಾ, ಆ ಕಿಂಡೀಲಿ ಸಸಿ ಒಣಗಿವೆ, ಬೇಲೀನೂ ಬಿದ್ದಿದೆ, ಒಳಗೆ ಕಳೆ ಚೆನ್ನಾಗಿದೆ, ಆಡು ಬಿಡ್ತೀನಿ' ಅಂದಿದ್ದ. ನನ್ನ ಹತ್ರ ಅವನ್ಯಾಕೆ ಸುಳ್ಳು ಹೇಳ್ತಾನೆ?"

"ನಿನ್ನ ಹತ್ರ ಹೇಳದಿದ್ರೆ ಬೇರೆ ಯಾರ ಹತ್ರ ಹೇಳ್ತಾನೆ?" ಎಂದೆ. ಕೆಟ್ಟದಾಗಿ ಅಂದೆ.

ಅವಳು ಎದ್ದು ನನ್ನ ಮುಖಕ್ಕೆ ಮುಖ ತಂದಳು. "ಅವನು ಸುಳ್ಳ ಅಲ್ಲ ಅಂತ ನಿಮ್ಮವರ ಬಾಯಲ್ಲಿ ಬರಲಿ. ಇಲ್ಲಾ ಇನ್ನೊಬ್ಬ ಮಗನ್ನ ಕೊಡು. ಎರಡರಲ್ಲಿ ಒಂದು. ಮುಂದಿನ ಸಲ ಮೆವ್ಲುತ್ ಹತ್ರದಿಂದ ಹೊಡೀತಾನೆ."

ನೀನು ಹೇಳಿದ ಬಂದೂಕನ್ನು ಲಾಯದ ಅಟ್ಟದ ಮೇಲೆ ಬಚ್ಚಿಟ್ಟಿದ್ದೇನೆ. ಜಾಫರ್ ಎಚ್ಚರವಾದ ತಕ್ಷಣ ಕೇಳಿದ್ದು ಅದನ್ನೇ. ಅವನ ಸರಿಯಿದ್ದ ಕಡೆಯ ಕೆನ್ನೆಗೆ ಒಂದು ಬಿಟ್ಟೆ. ಪಕ್ಕದ ಹಾಸಿಗೆಯವನು ಬೆಚ್ಚಿ ಎದ್ದು ಕುಳಿತ.

ಸೆನೆಮ್

*

ಸಾರಿಚುಕುರ್
9 ಜುಲೈ 1997

ಕಂಬೆರ್,

ಇದನ್ನು ಕುಳಿತು ಓದು.

ಮೇ ತಿಂಗಳಲ್ಲಿ ಹಿಮ ಕರಗಿ ಒಂಬತ್ತು ಕಿಂಡಿಗಳಲ್ಲೂ ಸಸಿ ಬಂತು. ಜಾಫರನ ಚೀಲ ಚೆಲ್ಲಿದ ಕಡೆ ಏಳನೆಯದರಲ್ಲಿ ಎಲ್ಲಕ್ಕಿಂತ ದಟ್ಟವಾಗಿ, ಹಸಿರು ಕಂಬಳಿ ಹಾಸಿದಂತೆ ಬಂತು. ನಿನ್ನ ಮೇಲಿನ ಸಿಟ್ಟಿನಲ್ಲಿ ಅದಕ್ಕೆ ನಾನೇ ಹೊಸ ಬೇಲಿ ಕಟ್ಟಿದ್ದೆ, ಮುಳ್ಳಿನ ಮೇಲೆ ಮುಳ್ಳು, ಮೊಲ ಕೂಡ ನುಸುಳದಂತೆ. ಈ ವರ್ಷ ಯೋರುಕರು ಹಳೆಯ ದಾರಿಯಲ್ಲಿ ಹತ್ತಿ ಬರಲಿಲ್ಲ, ಕಣಿವೆಯ ಆ ಬದಿಯಿಂದ ಹೋದರು. ಆಡಿನ ಒಂದು ಹಿಕ್ಕೆಯೂ ನಮ್ಮ ಕಡೆ ಬಿದ್ದಿಲ್ಲ.

ಮೊನ್ನೆ ಮಧ್ಯಾಹ್ನ ನೋಡಲು ಹೋದೆ. ಉಳಿದ ಎಂಟರಲ್ಲಿ ಸಸಿ ನೆಟ್ಟಗಿದೆ. ಏಳನೆಯದರಲ್ಲಿ ಎಲ್ಲ ಸತ್ತಿವೆ. ಒಂದಕ್ಕೂ ಹಲ್ಲು ತಾಗಿಲ್ಲ. ಬುಡದಿಂದ ತುದಿಯವರೆಗೆ ಕೆಂಪಗೆ ಹುರಿದು ನಿಂತಿವೆ. ಮುಟ್ಟಿದರೆ ಸೂಜಿಯೆಲೆ ಉದುರುತ್ತದೆ. ನೆಲಕ್ಕೆ ಕೈಯಿಟ್ಟರೆ ರೊಟ್ಟಿ ಬೇಯಿಸುವ ಕಾವಲಿಯಂತೆ ಸುಡುತ್ತಿತ್ತು. ನಾನು ತಲೆಯೆತ್ತಿ ನೋಡಿದೆ. ಸೂರ್ಯ ನೇರವಾಗಿ ನನ್ನ ಕಣ್ಣಿಗೆ ಬಿದ್ದ. ಬೇರೆ ಯಾವ ಕಿಂಡಿಯಲ್ಲೂ ಆ ಹೊತ್ತಿಗೆ ಹಾಗೆ ಬೀಳುವುದಿಲ್ಲ. ಅಲ್ಲೆಲ್ಲ ತೆಂಕಣದ ಮರಗಳು ಅಡ್ಡ ನಿಂತಿರುತ್ತವೆ.

ನೆರ್ಮಿನ್ ಹಾನಿಮ್ ಹೇಳಿದ್ದು ನಿನಗೆ ನೆನಪಿದೆಯಲ್ಲ? ನನಗಂತೂ ಇದೆ. "ಕಿಂಡಿ ಅಂದ್ರೆ ಕಿಂಡಿ, ಅಂಗಳ ಅಲ್ಲ. ಬಣ್ಣ ಬಳಿದಿರೋದನ್ನ ಮಾತ್ರ ಕಡೀರಿ. ತೆಂಕಣದ ಗೋಡೇನ ಮುಟ್ಟಬೇಡಿ, ಮಧ್ಯಾಹ್ನದ ನೆರಳು ಅದರದ್ದೇ. ನಮ್ಮ ಬೇಸಿಗೇಲಿ ಈ ಮಗುವನ್ನ ಸಾಯಿಸೋದು ಕತ್ತಲೆ ಒಂದೇ ಅಲ್ಲ." ತೆಂಕಣಕ್ಕೆ ಹೋಗಿ ನೋಡಿದೆ. ಮೂರು ದೊಡ್ಡ ಬೊಡ್ಡೆಗಳು. ಮೂರರ ಮೇಲೂ ಬಣ್ಣವಿಲ್ಲ.

ಮನೆಗೆ ಬಂದು ಜಾಫರನನ್ನು ಗೋಡೆಗೆ ಒತ್ತಿ ಕೇಳಿದೆ.

"ಅದು ತೂಗುಮರ ಆಯ್ತು ಅವ್ವಾ" ಎಂದ. "ಅಣ್ಣ ಕಡಿದ ಮರ ನೆಲಕ್ಕೆ ಬೀಳಲಿಲ್ಲ, ತೆಂಕಣದ ಮರದ ತೋಳಲ್ಲಿ ಸಿಕ್ಕೊಂಡು ನೇತಾಡ್ತು. ಕತ್ತಲಾಗ್ತಿತ್ತು. ತೂಗುಮರ ರಾತ್ರಿ ಬಿಡೋ ಹಾಗಿಲ್ವಲ್ಲ?"

"ಅದಕ್ಕೆ?"

"ಹಿಡಕೊಂಡ ಮರಾನ ಕಡಿದ್ವಿ. ಅದು ಹೋಗಿ ಇನ್ನೊಂದಕ್ಕೆ ಒರಗ್ತು. ಅದನ್ನೂ ಕಡಿದ್ವಿ. ಮೂರನೇದು ಬಿದ್ದ ಮೇಲೆ ಎಲ್ಲಾ ಒಟ್ಟಿಗೆ ಬಿದ್ವು. ಅಣ್ಣ ಎಲ್ಲಕ್ಕೂ ಮುತ್ತು ಕೊಟ್ಟು ಕ್ಷಮೆ ಕೇಳ್ದ ಅವ್ವಾ. ಒಂದನ್ನೂ ಬಿಡಲಿಲ್ಲ."

ನೀನು ಮಾಡಿದ್ದು ನಮ್ಮ ಜನದಲ್ಲಿ ಯಾರಾದರೂ ಮಾಡುವುದೇ. ಪ್ರಾಣ ಹೋಗದೆ ತೋಳಲ್ಲಿ ನೇತಾಡುವ ಮರವನ್ನು ರಾತ್ರಿಯಿಡೀ ನರಳಲು ಬಿಡುವುದು ನಮಗೆ ಹೆಣವನ್ನು ಹೂಳದೆ ಬಿಟ್ಟ ಹಾಗೆ. ನಿಮ್ಮಪ್ಪನೂ ಹಾಗೆಯೇ ಮಾಡುತ್ತಿದ್ದ. ಅಲ್ಲಿದ್ದರೆ ನಾನೂ ಕಡಿಯಿರಿ ಎನ್ನುತ್ತಿದ್ದೆ. ಆದರೆ ಆ ಮೂರು ಮರ ಬಿದ್ದ ಮೇಲೆ ಅದು ಕಿಂಡಿಯಾಗಿ ಉಳಿಯಲಿಲ್ಲ. ಬಾಯಿ ತೆರೆದ ಒಲೆಯಾಯಿತು.

ಆಡುಗಳು ತಿಂದದ್ದು ಕಳೆಯನ್ನು. ಅವುಗಳ ಬಾಯಲ್ಲಿ ನೀನು ಕಂಡ ಹಸಿರು ಅದೇ. ದುರಾಲಿ ನಿಜ ಹೇಳಿದ್ದ.

ನೆರ್ಮಿನ್ ಹಾನಿಮ್‌ಗೆ ಹೇಳಿದೆ. ಅವಳು ಬಂದು ನೋಡಿ ಬೊಡ್ಡೆಯ ಮೇಲೆ ಕುಳಿತು ಅತ್ತಳು. ಅಳುವ ಹೆಂಗಸರನ್ನು ಕಂಡರೆ ನನಗಾಗದು. ಆದರೆ ಅವಳಿಗೆ ನೀರು ಕೊಟ್ಟೆ.

ಸೆನೆಮ್

*

ಜೈಲು
24 ಜುಲೈ 1997

ಅವ್ವಾ,

ಯಾರಿಗೂ ಹೇಳಬೇಡ. ನೆರ್ಮಿನ್ ಹಾನಿಮ್ ಬಾಯಿಗೂ ಬೀಗ ಹಾಕು. ಸೆಪ್ಟೆಂಬರಿನಲ್ಲಿ ತೀರ್ಪು. ಅಲ್ಲಿಯವರೆಗೆ ಮಾತ್ರ. ಅಷ್ಟೂ ಆಗುವುದಿಲ್ಲವೇ?

ಆಡು ಸಸಿ ತಿಂದದ್ದೇ ಸುಳ್ಳೆಂದಾದರೆ ಕೆರಳಿಸಿದ ಮಾತೂ ಬಿತ್ತು, ರಿಯಾಯಿತಿಯೂ ಬಿತ್ತು. ಹನ್ನೆರಡರ ಜಾಗದಲ್ಲಿ ಇಪ್ಪತ್ತನಾಲ್ಕು ವರ್ಷ. ಹೊರಗೆ ಬರುವಾಗ ನನಗೆ ಅರವತ್ತು ಹತ್ತಿರ. ನೀನು ಇರುವುದಿಲ್ಲ. ಆ ಕಿಂಡಿಗಳಲ್ಲಿ ಮರ ನನ್ನ ತಲೆಯ ಮೇಲೆ ಬೆಳೆದಿರುತ್ತದೆ, ನಾನು ಒಂದನ್ನೂ ಕಂಡಿರುವುದಿಲ್ಲ.

ಮೊನ್ನೆ ಊಟದ ಸಾಲಿನಲ್ಲಿ ಮೆವ್ಲುತ್ ಕಡೆಯ ಒಬ್ಬ ಚಮಚ ಮಸೆದು ಮಾಡಿದ ಚೂರಿ ಹಾಕಿದ. ಹೊಟ್ಟೆಗೆ ಹಾಕಲು ಬಂದದ್ದು ತೊಡೆಗೆ ಬಿತ್ತು. ನಾನು ಅವನ ಬೆರಳುಗಳನ್ನು ಬಾಗಿಲ ಸಂದಿಗೆ ಇಟ್ಟು ಬಾಗಿಲು ಹಾಕಿದೆ. ಇಪ್ಪತ್ತನಾಲ್ಕು ವರ್ಷ ಹೀಗೆಯೇ ಎಂದು ಲೆಕ್ಕ ಹಾಕು.

ಜಾಫರನನ್ನು ದೂರ ಕಳಿಸು. ಇಜ್ಮೀರಿಗೆ ಕಳಿಸು, ಹಡಗು ಹತ್ತಿಸು. ಅವನನ್ನು ಉಳಿಸಲು ನನ್ನನ್ನೇ ಯಾಕೆ ಕೊಡಬೇಕು? ನಿನಗೆ ಇಬ್ಬರು ಮಕ್ಕಳು ಅವ್ವಾ. ಒಬ್ಬನನ್ನು ಕೂಟದಲ್ಲಿ ಆಗಲೇ ಕೊಟ್ಟಿದ್ದೀ. ಎರಡನೆಯ ಸಲ ಕೊಟ್ಟರೆ ನಾನು ನಿನ್ನ ಮಗನಲ್ಲ.

ಕಂಬೆರ್

*

ಸಾರಿಚುಕುರ್
28 ಸೆಪ್ಟೆಂಬರ್ 1997

ಕಂಬೆರ್,

ಕೋರ್ಟಿನಲ್ಲಿ ನೀನು ಕಟಕಟೆ ಹಾರಿ ನನ್ನ ಕಡೆ ನುಗ್ಗಿದೆ. ಸಿಪಾಯಿಗಳು ಬಂದೂಕಿನ ಹಿಡಿಯಿಂದ ನಿನ್ನ ಬೆನ್ನಿಗೆ ಹೊಡೆದದ್ದನ್ನು ಕಂಡೆ. ಎಲ್ಲ ಪೆಟ್ಟನ್ನೂ ಎಣಿಸಿಕೊಂಡೆ. ನಾನು ಯಾಕೆ ಬಾಯಿ ತೆರೆದೆ ಎಂದು ನಿನಗೆ ಗೊತ್ತಾಗಬೇಕು. ಒಪ್ಪುವುದೂ ಬಿಡುವುದೂ ನಿನ್ನದು.

ನಿನ್ನ ಪತ್ರ ಬಂದ ಮೇಲೆ ಒಂದು ತಿಂಗಳು ಸುಮ್ಮನಿದ್ದೆ. ಜಾಫರನಿಗೆ ಹೋಗು ಎಂದೆ. "ನಾನ್ಯಾಕೆ ಓಡಿ ಹೋಗ್ಲಿ? ಓಡೋದು ಮೊಲ" ಎಂದ. ನಿನ್ನದೇ ರಕ್ತ. ನನ್ನದೂ ಅದೇ. ಆಗಸ್ಟಿನ ಕೊನೆಗೆ ಒಂದು ಬೆಳಗ್ಗೆ ಅವನ ಹಾಸಿಗೆ ಖಾಲಿ. ಲಾಯದ ಅಟ್ಟವೂ ಖಾಲಿ. ಒಂದೇ ಕೈಯಲ್ಲಿ ಬಂದೂಕು ಹಿಡಿದು ಯೋರುಕರ ಬೇಸಿಗೆ ಬೀಡಿನ ಕಡೆ ಹತ್ತಿದ್ದ.

ನಾನೂ ಹತ್ತಿದೆ. ಕತ್ತೆಯಿಲ್ಲ, ಕಾಲ್ನಡಿಗೆ. ಹೋಗುವಷ್ಟರಲ್ಲಿ ಮುಗಿದಿತ್ತು. ಅವನ ಗುಂಡು ಒಂದು ನಾಯಿಗೆ ಬಿದ್ದಿತ್ತು. ಅವನನ್ನು ಹಿಡಿದು ಗುಡಾರದ ನಡುಗಂಬಕ್ಕೆ ಆಡಿನ ಹಗ್ಗದಿಂದ ಕಟ್ಟಿದ್ದರು. ಒಂದು ಕಣ್ಣು ಮುಚ್ಚಿಹೋಗಿತ್ತು. ಒಳ್ಳೆಯ ಕೈಯ ಬೆರಳುಗಳನ್ನು ಕಲ್ಲಿನ ಮೇಲಿಟ್ಟು ಜಜ್ಜಿದ್ದರು. ಮೆವ್ಲುತ್ ಎದುರಿಗೆ ಕುಕ್ಕರಗಾಲಲ್ಲಿ ಕುಳಿತು ಚೂರಿಯನ್ನು ಚರ್ಮಕ್ಕೆ ಮಸೆಯುತ್ತಿದ್ದ.

"ಬಂದ್ಳು ನೋಡಿ ಹಲಗೆಯೋರ ರಾಣಿ" ಎಂದ. "ಮಗನ ಹೆಣ ಹೊರೋಕೆ ಹೇಸರಗತ್ತೆ ತಂದಿಲ್ವಾ?"

"ಅದನ್ನ ನೀನೇ ಕೊಂದೆಯಲ್ಲೋ. ಮರೆತು ಹೋಯ್ತಾ?" ಎಂದೆ.

ಗುಡಾರದಲ್ಲಿ ಯಾರೋ ನಕ್ಕರು. ಮೆವ್ಲುತ್ ಎದ್ದು ಬಂದು ಹಿಂಗೈಯಿಂದ ನನ್ನ ಬಾಯಿಗೆ ಹೊಡೆದ. ನಾನು ಬೀಳಲಿಲ್ಲ. ಅವನನ್ನು ದಾಟಿ ಒಳಗಿದ್ದ ಎಶೆಯ ಕಡೆ ನೋಡಿದೆ. ಅವಳು ಆಡಿನ ಕೂದಲು ಕತ್ತರಿಸುತ್ತಿದ್ದಳು. ಕತ್ತರಿಸುತ್ತಲೇ ಇದ್ದಳು.

"ಮೆವ್ಲುತ್, ಈಚೆ ಬಾ" ಎಂದಳು. ಆಮೇಲೆ ನನಗೆ, "ಯಾಕ್ ಬಂದೆ? ಬೇಡಿಕೊಳ್ಳೋಕಾ?"

"ನನಗೆ ಬೇಡೋಕೆ ಬರಲ್ಲ. ಹೇಳೋಕೆ ಬಂದೆ."

"ಹೇಳು."

ಕಂಬೆರ್, ಬಾಯಲ್ಲಿ ರಕ್ತ ತುಂಬಿತ್ತು. ಅವಳ ಕಂಬಳಿಯ ಮೇಲೆ ಉಗುಳಬಾರದೆಂದು ನುಂಗಿದೆ. "ನಿನ್ನ ಮಗ ಸುಳ್ಳು ಹೇಳಲಿಲ್ಲ. ಸಸಿ ಬಿಸಿಲಿಗೆ ಸತ್ತಿದ್ವು. ಆ ಬಿಸಿಲನ್ನ ಒಳಗೆ ಬಿಟ್ಟೋರು ನನ್ನ ಮಕ್ಕಳು. ಈ ವರ್ಷ ಆಡೇ ಇರಲಿಲ್ಲ, ಮತ್ತೆ ಸತ್ವು. ದುರಾಲಿ ಕಳ್ಳನೂ ಅಲ್ಲ, ಸುಳ್ಳನೂ ಅಲ್ಲ."

ಕತ್ತರಿ ನಿಂತಿತು. ಹೊರಗೆ ನಿಂತಿದ್ದ ಗಂಡಸರೆಲ್ಲ ಒಳಗೆ ಬಂದರು. ಎಶೆ, "ಇನ್ನೊಂದ್ಸಲ ಹೇಳು, ಇವರೆಲ್ಲಾ ಕೇಳಲಿ" ಎಂದಳು. ಹೇಳಿದೆ.

"ಗುಡಾರದಲ್ಲಿ ಹೇಳಿದ್ದು ಗಾಳಿಗೆ ಹೋಗುತ್ತೆ. ಕೋರ್ಟಲ್ಲಿ ಹೇಳ್ತೀಯಾ?"

"ಹೇಳ್ತೀನಿ."

"ನಿನ್ನ ದೊಡ್ಡೋನಿಗೆ ಶಿಕ್ಷೆ ಜಾಸ್ತಿ ಆಗುತ್ತೆ."

"ಗೊತ್ತು."

"ನಿಮ್ಮ ಮಾತನ್ನ ನಂಬೋದ್ ಹೇಗೆ? ನಿಮ್ಮ ನಂಬಿಕೆ ಬೇರೆ, ನೀವು ಕೊಯ್ದ ಮಾಂಸಾನೇ ನಾವು ತಿನ್ನಲ್ಲ." ಅವಳು ಕತ್ತರಿ ಹಿಡಿದುಕೊಂಡೇ ಎದ್ದು ಬಂದಳು. "ಅಡವಿಡು."

ಹೆಂಗಸಿಗೆ ಜಡೆಗಿಂತ ದೊಡ್ಡ ಅಡವಿಲ್ಲ. ನಾನು ತಲೆವಸ್ತ್ರ ಬಿಚ್ಚಿದೆ. ಜಾಫರ್ ಕಂಬದಿಂದಲೇ "ಬೇಡವ್ವಾ, ಬೇಡ, ನನ್ನನ್ನ ಕೊಲ್ಲಲಿ" ಎಂದು ಕಿರುಚಿದ. "ಮುಚ್ಚೋ ಬಾಯಿ" ಎಂದು ನಾವಿಬ್ಬರು ಹೆಂಗಸರೂ ಒಟ್ಟಿಗೆ ಅಂದೆವು. ಮದುವೆಯ ದಿನದಿಂದ ಯಾವ ಪರಗಂಡಸೂ ಬರಿದಾಗಿ ನೋಡದ ಜಡೆ ಎರಡನ್ನೂ ಅವಳು ಬುಡಕ್ಕೆ ಕತ್ತರಿಸಿದಳು. ಆಡಿನ ಕತ್ತರಿ ಮೊಂಡು, ಅರೆದು ಅರೆದು ಕಡಿಯಿತು. ತುದಿ ಜಾರಿ ನನ್ನ ಎಡಗಿವಿಯ ಹಾಲೆಯೂ ಹೋಯಿತು. ನಾನು ಸದ್ದು ಮಾಡಲಿಲ್ಲ. ಅವಳೇ "ಅಯ್ಯೋ" ಎಂದಳು, ಆಮೇಲೆ ಅಂದದ್ದಕ್ಕೆ ನಾಚಿಕೊಂಡು ಹಗ್ಗ ಬಿಚ್ಚಿ ಎಂದು ಗಂಡಸರ ಮೇಲೆ ರೇಗಿದಳು.

ಬರಿದಲೆಯಲ್ಲಿ, ಕಿವಿಯಿಂದ ರಕ್ತ ಸುರಿಸುತ್ತಾ, ಜಾಫರನಿಗೆ ಹೆಗಲು ಕೊಟ್ಟು ಬೆಟ್ಟ ಇಳಿದೆ. ಊರ ನಡುವಿನ ದಾರಿಯಲ್ಲೇ ಬಂದೆ. ಹಿತ್ತಿಲ ದಾರಿ ಹಿಡಿಯಲಿಲ್ಲ. ನೋಡುವವರು ನೋಡಲಿ ಎಂದು.

ಕೋರ್ಟಿನಲ್ಲಿ ನಡೆದದ್ದು ನಿನಗೆ ಗೊತ್ತು. ಎಶೆ ಮುಂದಿನ ಸಾಲಿನಲ್ಲಿ ಕುಳಿತಿದ್ದಳು. ಜಾಫರ್ ಬದುಕುತ್ತಾನೆ. ನಿನಗೆ ಇಪ್ಪತ್ತನಾಲ್ಕು ವರ್ಷ. ಎರಡನ್ನೂ ನಾನೇ ಮಾಡಿದೆ, ಎರಡಕ್ಕೂ ಯಾರ ಹತ್ತಿರವೂ ಕ್ಷಮೆ ಕೇಳುವುದಿಲ್ಲ.

ಹೆಡಕಿನ ಪ್ರಶ್ನೆಯನ್ನು ನ್ಯಾಯಾಧೀಶರೂ ಕೇಳಿದರು. ನೀನು ನೆಲ ನೋಡಿದೆ.

ಸೆನೆಮ್

*

ಜೈಲು
11 ಫೆಬ್ರವರಿ 1998

ನಿನ್ನ ಕಾಲುಚೀಲ, ಒಣ ಅಂಜೂರ ಎರಡು ಸಲವೂ ವಾಪಸು ಕಳಿಸಿದೆ. ಮೂರನೆಯ ಸಲ ಇಟ್ಟುಕೊಂಡೆ.

ಇಲ್ಲಿ ನಮ್ಮ ಕೋಣೆಗೆ ಒಂದೇ ಕಿಟಕಿ, ಎತ್ತರದಲ್ಲಿ. ಚಳಿಗಾಲದಲ್ಲಿ ಮಧ್ಯಾಹ್ನ ಸ್ವಲ್ಪ ಹೊತ್ತು ಬಿಸಿಲು ಒಳಗೆ ಬಿದ್ದು ನೆಲದ ಮೇಲೆ ನಡೆದು ಹೋಗುತ್ತದೆ. ಎಲ್ಲರೂ ಅದಕ್ಕೆ ಜಗಳವಾಡುತ್ತಾರೆ. ಹೋದ ವಾರ ಒಬ್ಬನ ತಲೆ ಒಡೆಯಿತು. ನಾನು ಈಗ ಆ ಜಗಳಕ್ಕೆ ಹೋಗುವುದಿಲ್ಲ.

ನೀನು ಕೇಳಿದ್ದಕ್ಕೆ ಉತ್ತರ ಬರೆಯುತ್ತೇನೆ. ಈ ಪತ್ರವನ್ನು ಜೈಲಿನವರು ಓದುತ್ತಾರೆ. ಓದಲಿ.

ಅವನು ಕೋಲೆತ್ತಲಿಲ್ಲ. ಕೋಲು ಬೇಲಿಗೆ ಒರಗಿಸಿತ್ತು. ನಾನು ಕೂಗಾಡುತ್ತಾ ಹೋದೆ. ಅವನು "ಸತ್ತಿದ್ದನ್ನ ತಿಂದ್ರೆ ನಿನಗೇನು ನಷ್ಟ" ಅಂದದ್ದು ನಿಜ. ನಗುತ್ತಲೇ ಅಂದ. ನಾನು ಕೊಡಲಿ ತೋರಿಸಿದೆ. ಅವನು ನಗು ನಿಲ್ಲಿಸಿ, "ತಾಳೋ, ನಂಬದಿದ್ರೆ ತೋರಿಸ್ತೀನಿ" ಎಂದು ನನಗೆ ಬೆನ್ನು ತಿರುಗಿಸಿ ಮಂಡಿಯೂರಿದ. ಒಂದು ಸಸಿಯನ್ನು ಬೇರು ಸಮೇತ, ಮಣ್ಣು ಉದುರದ ಹಾಗೆ ಎರಡೂ ಕೈಯಲ್ಲಿ ಎತ್ತಿದ. "ನೋಡು, ಬೇರೂ ಒಣಗಿದೆ" ಎಂದ.

ನಾನು ನೋಡಲಿಲ್ಲ.

ಕಂಬೆರ್

*

ಸಾರಿಚುಕುರ್
20 ಮೇ 1998

ಕಂಬೆರ್,

ನಿನ್ನ ಪತ್ರವನ್ನು ನಾನು ಇಟ್ಟುಕೊಂಡು ಕಾದೆ. ಯೋರುಕರು ಬಯಲಿನಿಂದ ಹತ್ತಿ ಬರುವುದು ಮೇ ತಿಂಗಳಿಗೆ. ತೀರ್ಪಾದ ಮೇಲೆ ಇಲಾಖೆ ಹಳೆಯ ದಾರಿ ಬಿಟ್ಟುಕೊಟ್ಟಿದೆ. ಅವರು ಬಂದ ಮಾರನೆಯ ದಿನವೇ ಹೋದೆ. ನಾನು ಒಯ್ದ ರೊಟ್ಟಿಯನ್ನು ಎಶೆ ಮುಟ್ಟಲಿಲ್ಲ. ಕೂರು ಎಂದಳು.

ಅವಳಿಗೆ ಓದು ಬರುವುದಿಲ್ಲ. ಓದಿ ಹೇಳಿದೆ. ಮೆವ್ಲುತ್ ಚೂರಿಯ ಮೇಲೆ ಕೈಯಿಟ್ಟು ಬಾಗಿಲಲ್ಲಿ ನಿಂತಿದ್ದ. ಕೋಲು ಬೇಲಿಗೆ ಒರಗಿತ್ತು ಎಂಬಲ್ಲಿಗೆ ಬಂದಾಗ ಅವನು ಹೊರಗೆ ಹೋಗಿ ಏನನ್ನೋ ಒಡೆದ. ಮಡಕೆಯೋ ಕಲ್ಲೋ ತಿಳಿಯಲಿಲ್ಲ. ಎಶೆ ಅಲುಗಲಿಲ್ಲ.

"ಇನ್ನೊಂದ್ಸಲ ಓದು" ಎಂದಳು. ಓದಿದೆ.

"ಎರಡೂ ಕೈಯಲ್ಲಾ?"

"ಎರಡೂ ಕೈಯಲ್ಲಿ. ಮಣ್ಣು ಉದುರದ ಹಾಗೆ."

ಅವಳು ತನ್ನ ಎರಡು ಕೈಗಳನ್ನೂ ಜೋಡಿಸಿ ಬೊಗಸೆ ಮಾಡಿ ಅದನ್ನೇ ನೋಡುತ್ತಾ ಕುಳಿತಳು. "ಹೂಳೋಕೆ ತೊಳೀವಾಗ ಉಗುರಲ್ಲಿ ಮಣ್ಣಿತ್ತು" ಎಂದಳು. "ಯಾಕೆ ಅಂತ ಗೊತ್ತಾಗಿರಲಿಲ್ಲ."

ನನ್ನ ಜಡೆಯನ್ನು ನಾನು ಕೇಳಲಿಲ್ಲ. ದುರಾಲಿಯ ಗೋರಿಯಲ್ಲಿ ತನ್ನದರ ಪಕ್ಕ ಹೂತಿರುವುದಾಗಿ ಅವಳೇ ಹೇಳಿದಳು. ಇರಲಿ.

ಏಳನೆಯ ಕಿಂಡಿಯನ್ನು ಇಲಾಖೆ ಕೈಬಿಟ್ಟಿದೆ. ನಾನು ಬಿಟ್ಟಿಲ್ಲ. ತೆಂಕಣದ ಬೊಡ್ಡೆಗಳ ಬಳಿ ಮುಳ್ಳುಪೊದೆ ತಾನಾಗಿ ಎದ್ದಿದೆ. ನಮ್ಮವರು ಸವರಿ ಚೊಕ್ಕ ಮಾಡುತ್ತೇವೆಂದು ಬಂದಾಗ ನಾನು ಕೊಡಲಿ ಹಿಡಿದು ಅಡ್ಡ ನಿಂತೆ. ಆ ಪೊದೆಯ ನೆರಳಿನೊಳಗೆ ಹೋದ ವರ್ಷದ ಕೆಲವು ಸಸಿಗಳು ಸಾಯದೆ ಉಳಿದಿವೆ. ಮುಳ್ಳಿಗೆ ಕೈ ಹಾಕಿ, ಮೊಣಕೈವರೆಗೆ ಗೀರಿಸಿಕೊಂಡು ನೋಡಿದೆ. ಬೆರಳಿನಷ್ಟು ಎತ್ತರ. ತುದಿ ಹಸಿರು.

ನೀನು ಬರುವ ಹೊತ್ತಿಗೆ ನಾನು ಇರುವುದಿಲ್ಲ ಎಂದು ನೀನು ಬರೆದಿದ್ದೆ. ಇರುತ್ತೇನೆ.

ಬಿದ್ದವನ ಕಟ್ಟಳೆ ಹಾಗೇ ಇದೆ. ದೆದೆ ಎತ್ತುವವರೆಗೆ ನಾನು ಎತ್ತಲಾರೆ.

ನಿನ್ನ ಅವ್ವ
ಸೆನೆಮ್